ಗಗನಸಖಿಯರ ಹಿರಿಯಕ್ಕ ಎಲೆನ್ ಚರ್ಚ್

ಕೀಲ್ಪಾಕಿನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಹೊಟೇಲಿನ ಉದ್ಯೋಗವನ್ನು ನಂಬಿದವರೂ ಕಚೇರಿಯ ಗುಮಾಸ್ತಿಕೆಯನ್ನು ನಂಬಿದವರೂ ಇದ್ದಾರೆ. ಇಂತಹ ಮನೆಯೊಂದರಲ್ಲಿ ಹನ್ನೆರಡನೆಯ ತರಗತಿಯನ್ನು ಮುಗಿಸಿದ ಮಗಳು ತಾನು ಗಗನಸಖಿಯಾಗುವೆನೆಂದು ಒಂದು ಸಂಜೆ ಹೇಳಿದಳೆಂದರೆ ತಂದೆಯ ಮುಖ ಬಾಡುವುದುಂಟು. ಮುಂಜಾವದಿಂದ ರಾತ್ರಿಯವರೆಗೆ ತಟ್ಟೆ ಲೋಟಗಳನ್ನು ಹೊತ್ತು ಸವೆದ ಕೈ ಅವನದು. ತನ್ನ ಮಗಳೂ ಪರರಿಗೆ ತಟ್ಟೆಯನ್ನೇ ಒಯ್ದುಕೊಡಬೇಕೆ ಎಂಬುದು ಅವನ ಸಂಕಟ. ತಾಯಿಯ ಚಿಂತೆ ಬೇರೆ: ಹೊತ್ತಲ್ಲದ ಹೊತ್ತಿನ ಕೆಲಸ, ಊರೂರು ಅಲೆತ, ನಾಳೆ ಮದುವೆಯ ಮಾತು ಬಂದಾಗ ನಾಲ್ಕು ಜನ ಏನೆಂದಾರು ಎಂಬ ಅಂಜಿಕೆ. ಮಗಳಾದರೋ ಅಂದವಾದ ಉಡುಪನ್ನೂ ದೂರದೇಶಗಳನ್ನೂ ಮಾತ್ರ ಮನಸ್ಸಿನಲ್ಲಿ ಕಾಣುತ್ತಿರುತ್ತಾಳೆ. ಮೂವರಿಗೂ ತಿಳಿಯದೆ ಉಳಿಯುವ ಸಂಗತಿಯೊಂದಿದೆ. ಅದು ಆ ಉದ್ಯೋಗದ ಹುಟ್ಟಿನ ಕಥೆ.

ಕೀಲ್ಪಾಕಿನ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ನಿತ್ಯವೂ ಕೆಲಸಕ್ಕೆ ಬರುವ ದಾದಿಯರನ್ನು ನಾವೆಲ್ಲರೂ ನೋಡಿದ್ದೇವೆ. ಆ ದಾದಿಗೂ ಮೀನಂಬಾಕದ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆಯನ್ನು ಎಳೆದುಕೊಂಡು ಬಿರಬಿರನೆ ನಡೆಯುವ ಗಗನಸಖಿಗೂ ಏನು ನಂಟೆಂದು ಯಾರಾದರೂ ಕೇಳಿದರೆ, ಒಡಹುಟ್ಟಿದವರ ನಂಟೆಂದೇ ಉತ್ತರ ಹೇಳಬೇಕು. ಜಗತ್ತಿನ ಮೊತ್ತಮೊದಲ ಗಗನಸಖಿ ಒಬ್ಬ ದಾದಿ. ಆಕೆಯ ಹೆಸರು ಎಲೆನ್ ಚರ್ಚ್. ಆಕೆಯ ಬಾಳನ್ನು ಅರಿತವರಿಗೆ ಈ ಉದ್ಯೋಗದಲ್ಲಿ ತಟ್ಟೆಯ ಪಾಲೆಷ್ಟು, ಪ್ರಾಣರಕ್ಷಣೆಯ ಪಾಲೆಷ್ಟು ಎಂಬುದು ತಾನಾಗಿಯೇ ತಿಳಿದುಬರುತ್ತದೆ.

ಹೊಟೇಲಿನಿಂದ ಆಕಾಶಕ್ಕೆ

ಎಲೆನ್ ಚರ್ಚಳ ಕಥೆಗೆ ಮುನ್ನ ನಮ್ಮ ಹೊಟೇಲು ಬಂಧುಗಳು ಹೆಮ್ಮೆಯಿಂದ ಕೇಳಬೇಕಾದ ಮಾತೊಂದಿದೆ. ಆಕಾಶದಲ್ಲಿ ಪ್ರಯಾಣಿಕರನ್ನು ಉಪಚರಿಸಿದವರಲ್ಲಿ ಮೊದಲಿಗನೆಂದು ಹೆಸರಾದವನು ಹೈನ್ರಿಕ್ ಕುಬಿಸ್ ಎಂಬ ಜರ್ಮನ್ ತರುಣ. ಲಂಡನ್ನಿನ ಕಾರ್ಲ್ಟನ್, ಪ್ಯಾರಿಸಿನ ರಿಟ್ಜ್ ಮುಂತಾದ ಹೊಟೇಲುಗಳಲ್ಲಿ ದುಡಿದು ಪಳಗಿದ್ದ ಈತ ೧೯೧೨ರಲ್ಲಿ ಷ್ವಾಬೆನ್ ಎಂಬ ಜೆಪೆಲಿನ್ ವಾಯುನೌಕೆಯಲ್ಲಿ ಪರಿಚಾರಕನಾಗಿ ಸೇರಿದನು. ಇಪ್ಪತ್ತೈದು ವರ್ಷಗಳ ತರುವಾಯ, ೧೯೩೭ರ ಮೇ ೬ರಂದು, ಹಿಂಡೆನ್‌ಬರ್ಗ್ ಎಂಬ ಮಹಾನೌಕೆಯು ಅಮೆರಿಕದಲ್ಲಿ ಇಳಿಯುವ ಗಳಿಗೆಯಲ್ಲಿ ಹೊತ್ತಿ ಉರಿದಾಗ ಈತನೇ ಅದರ ಮುಖ್ಯ ಪರಿಚಾರಕನಾಗಿದ್ದನು. ಊಟದ ಸಾಲೆಯಲ್ಲಿದ್ದವರನ್ನು ನೆಲ ಹತ್ತಿರವಾಗುವವರೆಗೆ ತಡೆದು, ತಕ್ಕ ಸಮಯದಲ್ಲಿ ಕಿಟಕಿಗಳಿಂದ ಹಾರುವಂತೆ ಪ್ರೇರೇಪಿಸಿ, ತಾನೂ ಹಾರಿ ಬದುಕಿ ಉಳಿದನು. ಬಡಿಸುವ ಕೈಯೇ ಆಪತ್ಕಾಲದಲ್ಲಿ ಕಾಯುವ ಕೈಯೂ ಆಗಬೇಕೆಂಬ ಪಾಠ ಅಂದೇ ಸಿದ್ಧವಾಗಿತ್ತು.

ಆದರೆ ಅಂದಿನ ಆ ಉದ್ಯೋಗ ಗಂಡಸರದಾಗಿತ್ತು. ಹೆಂಗಸಿಗೆ ಅದರ ಬಾಗಿಲನ್ನು ತೆರೆದವಳು ಎಲೆನ್.

ರೈತನ ಮನೆಯ ಹುಡುಗಿ

ಅಮೆರಿಕದ ಐಯೊವಾ ರಾಜ್ಯದಲ್ಲಿ ಕ್ರೆಸ್ಕೊ ಎಂಬುದೊಂದು ಚಿಕ್ಕ ಊರು. ಅದರ ಸಮೀಪದ ಹೊಲಮನೆಯೊಂದರಲ್ಲಿ ೧೯೦೪ರ ಸೆಪ್ಟೆಂಬರ್ ೨೨ರಂದು ಎಲೆನ್ ಜನಿಸಿದಳು. ರೈಟ್ ಸಹೋದರರು ತಮ್ಮ ಯಂತ್ರವನ್ನು ಮೊದಲ ಬಾರಿಗೆ ಗಾಳಿಗೇರಿಸಿ ಆಗಿನ್ನೂ ಒಂದು ವರ್ಷವೂ ತುಂಬಿರಲಿಲ್ಲ. ವಿಮಾನವೂ ಆಕೆಯೂ ಸರಿಸುಮಾರು ಒಂದೇ ವಯಸ್ಸಿನವರೆಂದರೆ ತಪ್ಪಾಗದು. ಹಳ್ಳಿಯ ಹೆಣ್ಣುಮಗಳಿಗೆ ಮದುವೆಯೊಂದೇ ದಾರಿಯೆಂದು ಬಹುಮಂದಿ ತಿಳಿದಿದ್ದ ಕಾಲದಲ್ಲಿ ಈಕೆ ಮಿನ್ನೆಸೋಟ ವಿಶ್ವವಿದ್ಯಾನಿಲಯಕ್ಕೆ ಹೋಗಿ ದಾದಿಯ ವಿದ್ಯೆಯನ್ನು ಕಲಿತಳು. ೧೯೨೬ರಲ್ಲಿ ಆ ಶಿಕ್ಷಣವನ್ನು ಮುಗಿಸಿ, ಮುಂದೆ ಪಡುವಣ ಕರಾವಳಿಯ ಸಾನ್‌ಫ್ರಾನ್ಸಿಸ್ಕೋ ನಗರದ ಫ್ರೆಂಚ್ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಳು.

ಹೊಟ್ಟೆಪಾಡಿಗೆ ಆಸ್ಪತ್ರೆಯಿತ್ತು, ಮನಸ್ಸು ಮಾತ್ರ ಆಕಾಶದಲ್ಲಿತ್ತು. ಆಕೆ ವಿಮಾನ ನಡೆಸುವ ಪಾಠವನ್ನು ಹೇಳಿಸಿಕೊಂಡಳು. ಆದರೆ ಹೆಣ್ಣು ವಿಮಾನ ನಡೆಸುವುದನ್ನು ಕಲಿಯಬಹುದಾಗಿತ್ತಲ್ಲದೆ, ಪ್ರಯಾಣಿಕರ ವಿಮಾನದ ಚಾಲಕಳಾಗಿ ಸಂಬಳ ಪಡೆಯುವಂತಿರಲಿಲ್ಲ. ಕಂಪನಿಗಳ ಬಾಗಿಲುಗಳು ಮುಚ್ಚಿದ್ದವು.

೧೯೩೦ರ ಆದಿಯಲ್ಲಿ ಆಕೆ ಬೋಯಿಂಗ್ ಏರ್ ಟ್ರಾನ್ಸ್‌ಪೋರ್ಟ್ ಎಂಬ ಕಂಪನಿಯ ಸಾನ್‌ಫ್ರಾನ್ಸಿಸ್ಕೋ ಕಚೇರಿಗೆ ಹೋದಳು. ಅಲ್ಲಿನ ವ್ಯವಸ್ಥಾಪಕ ಸ್ಟೀವ್ ಸ್ಟಿಂಪ್‌ಸನ್. ಚಾಲಕಳಾಗುವ ಆಸೆಗೆ ಅಲ್ಲಿಯೂ ಸ್ಥಳವಿರಲಿಲ್ಲ. ಸಾಮಾನ್ಯರಾಗಿದ್ದರೆ ಅಲ್ಲಿಂದ ಮನೆಗೆ ಮರಳುತ್ತಿದ್ದರು. ಎಲೆನ್ ಮರಳಲಿಲ್ಲ, ಮುಚ್ಚಿದ ಬಾಗಿಲಿನ ಪಕ್ಕದಲ್ಲಿ ಇನ್ನೊಂದು ಬಾಗಿಲನ್ನು ಕೊರೆದಳು.

ಅಂದಿನ ಜನಕ್ಕೆ ವಿಮಾನವೆಂದರೆ ಭಯ. ಅಪಘಾತಗಳ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇತ್ತು. ವಿಮಾನಗಳು ತೀರ ಎತ್ತರಕ್ಕೆ ಏರಲಾರದೆ ಬಿರುಗಾಳಿಯ ಪದರದಲ್ಲಿಯೇ ಸಾಗುತ್ತಿದ್ದುದರಿಂದ, ಕುಳಿತವರು ಎದ್ದೆದ್ದು ಬಿದ್ದು ವಾಂತಿಯಿಂದ ಬಳಲುತ್ತಿದ್ದರು. ಅವರನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ. ವಿಮಾನಕ್ಕೆ ಪರಿಚಾರಕರು ಬೇಕೆಂದು ಸ್ಟಿಂಪ್‌ಸನ್ ಆಗಲೇ ಯೋಚಿಸುತ್ತಿದ್ದನು; ಆದರೆ ಅವನ ಮನಸ್ಸಿನಲ್ಲಿದ್ದವರು ಗಂಡಸರು. ದಾದಿಯರನ್ನೇಕೆ ನೇಮಿಸಬಾರದೆಂದು ಎಲೆನ್ ಅವನ ಮುಂದೆ ಸಲಹೆಯನ್ನಿಟ್ಟಳು. ಅಸ್ವಸ್ಥರನ್ನು ಉಪಚರಿಸುವ ವಿದ್ಯೆ ದಾದಿಗೆ ಗೊತ್ತು; ರಕ್ತವನ್ನೂ ಸಾವನ್ನೂ ಕಂಡ ಅವಳು ಆಪತ್ತಿನಲ್ಲಿ ಕಂಗೆಡಳು. ಅದಕ್ಕೂ ಮಿಗಿಲಾಗಿ, ತರುಣಿಯೊಬ್ಬಳು ನಿರ್ಭಯವಾಗಿ ದಿನವೂ ಹಾರುತ್ತಿರುವುದನ್ನು ಕಂಡ ಗಂಡಸು ತಾನು ಹೆದರುವೆನೆಂದು ಹೇಳಿಕೊಳ್ಳಲು ನಾಚುವನು. ಈ ವಾದ ಸ್ಟಿಂಪ್‌ಸನ್ನನ ಮನಸ್ಸಿಗೆ ಹಿಡಿಸಿತು. ಕಂಪನಿಯ ಹಿರಿಯರು ಮೊದಲು ಒಪ್ಪಲಿಲ್ಲ. ಆತ ಬಿಡದೆ ಬರೆದು ಒತ್ತಾಯಿಸಿದ ಮೇಲೆ ಮೂರು ತಿಂಗಳ ಪರೀಕ್ಷೆಗೆಂದು ಅನುಮತಿ ದೊರೆಯಿತು.

ಎಂಟು ಮಂದಿ ದಾದಿಯರು

ಎಲೆನ್ ಸೇರಿ ಎಂಟು ಮಂದಿ ದಾದಿಯರು ಆಯ್ಕೆಯಾದರು. ಆಯ್ಕೆಯ ನಿಯಮಗಳು ಕಠಿನವಾಗಿದ್ದವು. ದಾದಿಯಾಗಿ ನೋಂದಾಯಿಸಿಕೊಂಡಿರಬೇಕು, ಅವಿವಾಹಿತೆಯಾಗಿರಬೇಕು, ವಯಸ್ಸು ೨೫ನ್ನು ಮೀರಿರಬಾರದು, ತೂಕ ೧೧೫ ಪೌಂಡಿನ, ಎಂದರೆ ಸುಮಾರು ೫೨ ಕಿಲೋಗ್ರಾಮಿನ ಒಳಗಿರಬೇಕು, ಎತ್ತರ ೫ ಅಡಿ ೪ ಅಂಗುಲದ ಒಳಗಿರಬೇಕು. ಕೊನೆಯ ಎರಡು ನಿಯಮಗಳಿಗೆ ವಿಮಾನವೇ ಕಾರಣ. ಅದರ ಒಳಗೋಡೆ ಇಕ್ಕಟ್ಟು, ಮಾಡು ತಗ್ಗು. ಹೊರಬಲ್ಲ ಭಾರ ಅಷ್ಟಕ್ಕಷ್ಟೆ. ಮದುವೆಯ ನಿಯಮಕ್ಕೆ ಮಾತ್ರ ವಿಮಾನ ಕಾರಣವಲ್ಲ, ಮನುಷ್ಯರ ಮನಸ್ಸು ಕಾರಣ. ಅದರ ಮಾತು ಮುಂದೆ ಬರುತ್ತದೆ. ತಿಂಗಳಿಗೆ ನೂರು ಗಂಟೆಗಳ ಹಾರಾಟ. ಸಂಬಳ ೧೨೫ ಡಾಲರು.

೧೯೩೦ರ ಮೇ ೧೫ರಂದು ಸಾನ್‌ಫ್ರಾನ್ಸಿಸ್ಕೋ ಪಕ್ಕದ ಓಕ್‌ಲೆಂಡಿನಿಂದ ಷಿಕಾಗೋ ಮಾರ್ಗದ ವಿಮಾನವನ್ನು ಎಲೆನ್ ಏರಿದಳು. ಅಂದು ಆಕೆ ಜಗತ್ತಿನ ಮೊದಲ ಗಗನಸಖಿಯಾದಳು. ಮೂರು ಯಂತ್ರಗಳ ಬೋಯಿಂಗ್ ೮೦ಎ ಎಂಬ ಆ ವಿಮಾನದಲ್ಲಿ ಇಪ್ಪತ್ತು ಜನಕ್ಕೂ ಸ್ಥಳವಿರಲಿಲ್ಲ. ಷಿಕಾಗೋ ಸೇರಲು ಇಪ್ಪತ್ತು ಗಂಟೆ. ನಡುವೆ ಹದಿಮೂರು ನಿಲುಗಡೆ.

ಆ ದಿನಗಳ ಗಗನಸಖಿಯ ಕೆಲಸಗಳ ಪಟ್ಟಿಯನ್ನು ಇಂದು ಓದಿದರೆ ಹೊಟೇಲಿನ ಸರ್ವರೂ ಮೂಗಿನ ಮೇಲೆ ಬೆರಳಿಟ್ಟಾನು. ಪ್ರಯಾಣಿಕರ ಪೆಟ್ಟಿಗೆಗಳನ್ನು ಹೊತ್ತು ಒಳಗಿಡಬೇಕು. ಆಸನಗಳ ತಿರುಪು ಸಡಿಲವಾಗಿದ್ದರೆ ಬಿಗಿಯಬೇಕು. ಎಣ್ಣೆ ತುಂಬುವಲ್ಲಿ ನೆರವಾಗಬೇಕು. ಪ್ರಯಾಣ ಮುಗಿದ ಮೇಲೆ ವಿಮಾನವನ್ನು ಕೊಟ್ಟಿಗೆಗೆ ತಳ್ಳುವಲ್ಲಿಯೂ ಕೈಹಾಕಬೇಕು. ಶೌಚಗೃಹದ ಬಾಗಿಲೆಂದು ತಿಳಿದು ಹೊರಬಾಗಿಲನ್ನು ತೆರೆಯ ಹೊರಟವರನ್ನು ತಡೆಯಬೇಕು. ಉರಿವ ಸಿಗರೇಟನ್ನು ಕಿಟಕಿಯಿಂದ ಎಸೆಯದಂತೆ ಕಾಯಬೇಕು. ಊಟವೆಂದರೆ ತಣ್ಣಗಿನ ಕೋಳಿಮಾಂಸ, ಹಣ್ಣು, ರೊಟ್ಟಿ, ಕಾಫಿ. ಆ ಕುಲುಕಾಟದಲ್ಲಿ ಅವನ್ನು ಚೆಲ್ಲದೆ ಕೊಡಬೇಕು. ಹವೆ ಕೆಟ್ಟು ವಿಮಾನ ನಡುದಾರಿಯಲ್ಲಿ ನಿಂತರೆ ಪ್ರಯಾಣಿಕರನ್ನು ರೈಲು ನಿಲ್ದಾಣಕ್ಕೆ ಒಯ್ದು ಹತ್ತಿಸಬೇಕು. ಅದಕ್ಕಾಗಿ ರೈಲುಗಳ ವೇಳಾಪಟ್ಟಿ ಸದಾ ಕೈಯಲ್ಲಿರಬೇಕು. ಇಷ್ಟರ ನಡುವೆ ವಾಂತಿ ಮಾಡುವವರ ತಲೆಯನ್ನು ಹಿಡಿಯಬೇಕು, ಅಳುವ ಮಗುವನ್ನು ಸಂತೈಸಬೇಕು, ಹೆದರಿದವರ ಪಕ್ಕದಲ್ಲಿ ಕುಳಿತು ನಗುಮುಖದಿಂದ ಮಾತಾಡಬೇಕು.

ಚಾಲಕರಿಗೆ ಮೊದಮೊದಲು ಈ ಏರ್ಪಾಡು ಹಿಡಿಸಲಿಲ್ಲ. ಯಂತ್ರದೊಡನೆ ಹೋರಾಡುವ ಗಂಡಸರ ನಡುವೆ ಹೆಂಗಸಿಗೇನು ಕೆಲಸವೆಂದು ಅವರ ತಕರಾರು. ಪ್ರಯಾಣಿಕರ ಮೆಚ್ಚುಗೆ ಆ ತಕರಾರನ್ನು ನುಂಗಿಬಿಟ್ಟಿತು. ಮೂರು ತಿಂಗಳ ಪರೀಕ್ಷೆ ಮುಗಿದ ಮೇಲೆ ಅದನ್ನು ನಿಲ್ಲಿಸುವ ಮಾತನ್ನು ಯಾರೂ ಆಡಲಿಲ್ಲ. ಅಮೆರಿಕದ ಇತರ ಕಂಪನಿಗಳೂ ಅದೇ ದಾರಿಯನ್ನು ಹಿಡಿದವು. ೧೯೩೪ರಲ್ಲಿ ಸ್ವಿಸ್‌ಏರ್ ಕಂಪನಿಯು ನೆಲ್ಲಿ ಡೀನರ್ ಎಂಬ ತರುಣಿಯನ್ನು ಯುರೋಪಿನ ಮೊದಲ ಗಗನಸಖಿಯಾಗಿ ನೇಮಿಸಿತು. ಅದೇ ವರ್ಷದ ಜುಲೈ ೨೭ರಂದು ಜರ್ಮನಿಯಲ್ಲಿ ನಡೆದ ಅಪಘಾತದಲ್ಲಿ ಆಕೆ ಪ್ರಯಾಣಿಕರೊಡನೆ ಮಡಿದಳು. ಅಂದವಾದ ಉಡುಪಿನ ಹಿಂದೆ ಇಂತಹ ಗಂಡಾಂತರವಿತ್ತೆಂಬುದನ್ನು ಮರೆಯಬಾರದು.

ಮರಳಿ ರೋಗಿಗಳ ಬಳಿಗೆ

ಎಲೆನ್ ತಾನೇ ತೆರೆದ ಬಾಗಿಲಿನಲ್ಲಿ ಬಹುಕಾಲ ನಿಲ್ಲುವ ಭಾಗ್ಯವನ್ನು ಪಡೆಯಲಿಲ್ಲ. ಸುಮಾರು ಹದಿನೆಂಟು ತಿಂಗಳ ತರುವಾಯ ಮೋಟಾರು ಅಪಘಾತವೊಂದರಲ್ಲಿ ಗಾಯಗೊಂಡು ಆಕೆ ಹಾರಾಟವನ್ನು ಬಿಡಬೇಕಾಯಿತು. ಇಷ್ಟು ಹಂಬಲಿಸಿ ಪಡೆದದ್ದು ಇಷ್ಟು ಬೇಗ ಕೈಬಿಟ್ಟಾಗ ಮನಸ್ಸು ಮುರಿಯುವುದು ಸಹಜ. ಆಕೆಯಾದರೋ ಮತ್ತೆ ವಿದ್ಯಾರ್ಥಿನಿಯಾದಳು. ಮಿನ್ನೆಸೋಟ ವಿಶ್ವವಿದ್ಯಾನಿಲಯಕ್ಕೆ ಮರಳಿ ೧೯೩೬ರಲ್ಲಿ ದಾದಿಯರ ಶಿಕ್ಷಣದಲ್ಲಿ ಪದವಿಯನ್ನು ಪಡೆದು, ಮಿಲ್ವಾಕಿಯ ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗದ ಮೇಲ್ವಿಚಾರಕಿಯಾದಳು.

ಎರಡನೆಯ ಮಹಾಯುದ್ಧ ಆಕೆಯ ಎರಡು ವಿದ್ಯೆಗಳನ್ನೂ ಒಂದುಗೂಡಿಸಿತು. ಸೈನ್ಯದ ದಾದಿಯರ ದಳವನ್ನು ಸೇರಿ, ಗಾಯಾಳುಗಳನ್ನು ರಣರಂಗದಿಂದ ವಿಮಾನದಲ್ಲಿ ಹಿಂದಕ್ಕೆ ಸಾಗಿಸುವ ಕಾರ್ಯದಲ್ಲಿ ತೊಡಗಿದಳು. ಉತ್ತರ ಆಫ್ರಿಕ, ಸಿಸಿಲಿ, ಇಂಗ್ಲೆಂಡ್, ಫ್ರಾನ್ಸ್‌ಗಳಲ್ಲಿ ಆಕೆಯ ಸೇವೆ ನಡೆಯಿತು. ವಾಂತಿ ಮಾಡುವ ವ್ಯಾಪಾರಿಗಳಿದ್ದಲ್ಲಿ ಈಗ ಕೈಕಾಲು ಕಳೆದುಕೊಂಡ ತರುಣರಿದ್ದರು. ಆಕೆ ಕ್ಯಾಪ್ಟನ್ ಪದವಿಗೇರಿದಳು; ಏರ್ ಮೆಡಲ್ ಎಂಬ ಪದಕವನ್ನು ಪಡೆದಳು. ಇದೇ ಯುದ್ಧಕಾಲದಲ್ಲಿ ದಾದಿಯರು ಸೈನ್ಯಕ್ಕೆ ಬೇಕಾದುದರಿಂದ, ಗಗನಸಖಿಯು ದಾದಿಯಾಗಿರಲೇಬೇಕೆಂಬ ನಿಯಮವನ್ನು ಅಮೆರಿಕದ ಕಂಪನಿಗಳು ಕೈಬಿಟ್ಟವು.

ಯುದ್ಧಾನಂತರ ಇಂಡಿಯಾನ ರಾಜ್ಯದ ಟೆರಿಹೋಟ್ ಎಂಬ ಊರಿನ ಯೂನಿಯನ್ ಆಸ್ಪತ್ರೆಯಲ್ಲಿ ಆಕೆ ದಾದಿಯರ ಮುಖ್ಯಸ್ಥೆಯಾಗಿ, ಅನಂತರ ಆಡಳಿತಗಾರ್ತಿಯಾಗಿ ದುಡಿದಳು. ಅರುವತ್ತರ ಹೊಸ್ತಿಲಲ್ಲಿ, ೧೯೬೪ರಲ್ಲಿ, ಬ್ಯಾಂಕಿನ ಅಧ್ಯಕ್ಷನಾಗಿದ್ದ ಲಿಯೊನಾರ್ಡ್ ಮಾರ್ಷಲ್ ಎಂಬವನನ್ನು ವರಿಸಿದಳು. ಆ ದಾಂಪತ್ಯ ಒಂದು ವರ್ಷವನ್ನೂ ಕಾಣಲಿಲ್ಲ. ೧೯೬೫ರ ಆಗಸ್ಟ್ ೨೨ರಂದು ಕುದುರೆಯಿಂದ ಬಿದ್ದು ಆಕೆ ತೀರಿಕೊಂಡಳು. ಆಕಾಶದಲ್ಲಿ ಅಷ್ಟು ಗಂಡಾಂತರಗಳನ್ನು ದಾಟಿದವಳು ನೆಲದ ಮೇಲಿನ ಸಣ್ಣ ಅವಘಡಕ್ಕೆ ತುತ್ತಾದದ್ದು ವಿಧಿಯ ವಿಚಿತ್ರ. ಹುಟ್ಟೂರಾದ ಕ್ರೆಸ್ಕೊದ ವಿಮಾನ ನಿಲ್ದಾಣಕ್ಕೆ ಆಕೆಯ ಹೆಸರನ್ನಿಟ್ಟಿದ್ದಾರೆ. ಆಕೆಯ ಮೊದಲ ಆಸೆಯಾದ ಚಾಲಕಿಯ ಆಸನಕ್ಕೆ ಅಮೆರಿಕದ ಪ್ರಮುಖ ಕಂಪನಿಗಳು ಹೆಂಗಸರನ್ನು ಸೇರಿಸಿಕೊಳ್ಳತೊಡಗಿದ್ದು ೧೯೭೩ರಲ್ಲಿ. ಆ ಹೊತ್ತಿಗೆ ಆಕೆ ತೀರಿಕೊಂಡು ಎಂಟು ವರ್ಷಗಳಾಗಿದ್ದವು.

ಬಿದ್ದುಹೋದ ಬೇಲಿಗಳು

ಮದುವೆಯ ನಿಯಮದ ಮಾತು ಉಳಿದಿದೆ. ಎಲೆನ್ ತೆರೆದ ಬಾಗಿಲಿಗೆ ಹುಟ್ಟಿನಲ್ಲಿಯೇ ಬೇಲಿಯೊಂದನ್ನು ಕಟ್ಟಲಾಗಿತ್ತು. ಮದುವೆಯಾದೊಡನೆ ಕೆಲಸ ಹೋಗುತ್ತಿತ್ತು. ವಯಸ್ಸು ತುಸು ಏರಿದರೆ ಹಲವು ಕಂಪನಿಗಳಲ್ಲಿ ಮನೆಗೆ ಕಳುಹಿಸುತ್ತಿದ್ದರು. ಅಮೆರಿಕದಲ್ಲಿ ೧೯೬೪ರ ನಾಗರಿಕ ಹಕ್ಕುಗಳ ಕಾನೂನು ಬಂದ ಮೇಲೆ ಗಗನಸಖಿಯರು ಹೋರಾಡಿ ಆ ನಿಯಮಗಳನ್ನು ಒಂದೊಂದಾಗಿ ಕೆಡವಿದರು.

ನಮ್ಮ ದೇಶದಲ್ಲಿಯೂ ಇಂತಹ ಹೋರಾಟ ನಡೆಯಿತು. ಭಾರತದ ವಿಮಾನ ಸಾರಿಗೆಯ ಆದಿಯಲ್ಲಿ ನಮ್ಮ ಕನ್ನಡ ನಾಡಿಗೂ ಮದರಾಸಿಗೂ ಸ್ಥಾನವಿದೆ. ೧೯೩೨ರ ಅಕ್ಟೋಬರ್ ೧೫ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ತಂದ ಅಂಚೆ ಬಳ್ಳಾರಿಯ ಮಾರ್ಗವಾಗಿಯೇ ಮದರಾಸನ್ನು ಮುಟ್ಟಿತು. ಆ ವಿಮಾನಗಳಲ್ಲಿ ಪತ್ರಗಳಿದ್ದವೇ ಹೊರತು ಉಪಚರಿಸಬೇಕಾದ ಪ್ರಯಾಣಿಕರಿರಲಿಲ್ಲ. ಆ ಸಂಸ್ಥೆಯೇ ಬೆಳೆದು ಏರ್ ಇಂಡಿಯ ಆಯಿತು; ೧೯೫೩ರಲ್ಲಿ ರಾಷ್ಟ್ರೀಕರಣವಾಗಿ, ೨೦೨೨ರಲ್ಲಿ ಮತ್ತೆ ಟಾಟಾ ಸಂಸ್ಥೆಯ ಕೈಸೇರಿತು. ಸರಕಾರಿ ಒಡೆತನದ ಕಾಲದಲ್ಲಿ ಅಲ್ಲಿನ ಗಗನಸಖಿಯರಿಗೆ ಒಂದು ನಿಯಮವಿತ್ತು. ಮೂವತ್ತೈದು ವಯಸ್ಸಿಗೆ ನಿವೃತ್ತಿ. ಸೇರಿದ ನಾಲ್ಕು ವರ್ಷಗಳೊಳಗೆ ಮದುವೆಯಾದರೆ ನಿವೃತ್ತಿ. ಮೊದಲ ಬಾರಿ ಗರ್ಭಿಣಿಯಾದರೆ ನಿವೃತ್ತಿ. ನರ್ಗೇಶ್ ಮಿರ್ಜಾ ಮತ್ತಿತರ ಗಗನಸಖಿಯರು ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದರು. ೧೯೮೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗರ್ಭಿಣಿಯಾದುದಕ್ಕೆ ಕೆಲಸದಿಂದ ಬಿಡಿಸುವ ನಿಯಮವನ್ನು ಸಂವಿಧಾನಕ್ಕೆ ವಿರುದ್ಧವೆಂದು ರದ್ದುಗೊಳಿಸಿತು. ನಾಲ್ಕು ವರ್ಷಗಳ ಮದುವೆಯ ನಿಯಮವನ್ನು ಅಂದು ಅದು ಉಳಿಸಿತೆಂಬುದೂ ನಿಜ. ಗೆಲವು ಅರ್ಧದ್ದಾದರೂ, ತಾಯ್ತನ ಅಪರಾಧವಲ್ಲವೆಂಬುದು ನೆಲೆಗೊಂಡಿತು.

ಮದುವೆಯ ಮಾತಿಗೆ ಅಂಜುವ ತಾಯಂದಿರು ಇನ್ನೊಬ್ಬಳನ್ನೂ ನೆನೆಯಬೇಕು. ೧೯೮೬ರ ಸೆಪ್ಟೆಂಬರ್ ೫ರಂದು ಕರಾಚಿಯಲ್ಲಿ ಪ್ಯಾನ್ ಆಮ್ ವಿಮಾನವನ್ನು ಬಂದೂಕುಧಾರಿಗಳು ಹಿಡಿದಾಗ, ಪ್ರಯಾಣಿಕರನ್ನು ಉಳಿಸಲು ಹೋಗಿ ನೀರಜಾ ಭಾನೋಟ್ ಪ್ರಾಣತೆತ್ತಳು. ಇಪ್ಪತ್ತಮೂರು ತುಂಬಲು ಎರಡೇ ದಿನ ಉಳಿದಿದ್ದವು. ವರದಕ್ಷಿಣೆಯ ಕಿರುಕುಳದಿಂದ ಮುರಿದ ಮದುವೆಯಿಂದ ಹೊರಬಂದು ಆಕೆ ಈ ಉದ್ಯೋಗವನ್ನು ಹಿಡಿದಿದ್ದಳು. ದೇಶವು ಆಕೆಗೆ ಅಶೋಕ ಚಕ್ರವನ್ನಿತ್ತು ತಲೆಬಾಗಿತು.

ಇಂದು ಈ ದಾರಿ ಹಿಡಿಯುವವರಿಗೆ

ಎಲೆನ್ ಚರ್ಚಳಿಗೆ ದಾರಿಯೇ ಇರಲಿಲ್ಲ. ಇಂದಿನವರಿಗೆ ದಾರಿ ಸಿದ್ಧವಾಗಿದೆ. ಹದಿನೆಂಟು ವರ್ಷ ತುಂಬಿ ಹನ್ನೆರಡನೆಯ ತರಗತಿಯಲ್ಲಿ ತೇರ್ಗಡೆಯಾದವರು, ಹುಡುಗಿಯರಾಗಲಿ ಹುಡುಗರಾಗಲಿ, ವಿಮಾನ ಕಂಪನಿಗಳಿಗೆ ಅರ್ಜಿ ಹಾಕಬಹುದು. ವಯಸ್ಸಿನ ಮೇಲ್ಮಿತಿ, ಎತ್ತರ, ಭಾಷೆಗಳ ವಿಷಯದಲ್ಲಿ ಒಂದೊಂದು ಕಂಪನಿಗೆ ಒಂದೊಂದು ನಿಯಮ. ಅವರ ಪ್ರಕಟಣೆಗಳನ್ನೇ ನೋಡಿ ತಿಳಿಯಬೇಕು. ಇಂಗ್ಲಿಷು, ಹಿಂದಿಗಳ ಜೊತೆಗೆ ಕನ್ನಡವೂ ತಮಿಳೂ ಬಲ್ಲ ನಮ್ಮ ಮಕ್ಕಳಿಗೆ ಆ ಭಾಷೆಗಳು ಆಸ್ತಿಯೇ ಸರಿ. ಸಂದರ್ಶನವೂ ವೈದ್ಯಕೀಯ ಪರೀಕ್ಷೆಯೂ ಮುಗಿದ ಮೇಲೆ ಕಂಪನಿಯು ತಾನೇ, ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯದ ಕಟ್ಟಳೆಯಂತೆ, ತರಬೇತಿಯನ್ನು ಕೊಡುತ್ತದೆ. ಬೆಂಕಿ ನಂದಿಸುವುದು, ಹೊಗೆಯಲ್ಲಿ ದಾರಿ ಕಾಣುವುದು, ವಿಮಾನ ನೀರಿಗಿಳಿದರೆ ಜನರನ್ನು ಹೊರತರುವುದು, ಉಸಿರು ನಿಂತವನಿಗೆ ಪ್ರಥಮ ಚಿಕಿತ್ಸೆ ಮಾಡುವುದು, ಇವು ಆ ತರಬೇತಿಯ ತಿರುಳು. ಬಡಿಸುವ ವಿದ್ಯೆ ಅನಂತರದ್ದು. ಅರ್ಧದಷ್ಟು ಬಾಗಿಲುಗಳು ಮುಚ್ಚಿಹೋದರೂ ತೊಂಬತ್ತು ಸೆಕೆಂಡುಗಳಲ್ಲಿ ವಿಮಾನ ಬರಿದಾಗಬೇಕೆಂಬುದು ಅದನ್ನು ಕಟ್ಟುವವರಿಗಿರುವ ನಿಯಮ. ಐವತ್ತು ಆಸನಗಳಿಗೆ ಒಬ್ಬರಂತೆ ವಿಮಾನದಲ್ಲಿ ಸಿಬ್ಬಂದಿ ಇರಲೇಬೇಕು. ೧೮೦ ಆಸನಗಳಿದ್ದರೆ ನಾಲ್ವರು. ಬರಿಯ ಕಾಫಿಗಾಗಿ ಆಗಿದ್ದರೆ ಇಂತಹ ಲೆಕ್ಕವನ್ನು ಕಾನೂನು ಹಾಕುತ್ತಿರಲಿಲ್ಲ.

ಇಲ್ಲಿ ಎಚ್ಚರಿಕೆಯ ಮಾತೊಂದನ್ನು ಹೇಳದಿರಲಾಗದು. ಖಾಸಗಿ ತರಬೇತಿ ಶಾಲೆಗಳ ಪ್ರಮಾಣಪತ್ರ ಇದ್ದರೇ ಕೆಲಸವೆಂಬ ಕಾನೂನು ಎಲ್ಲಿಯೂ ಇಲ್ಲ. ಮಾತು, ನಡೆ, ಧೈರ್ಯಗಳನ್ನು ಕಲಿಯಲು ಅವು ನೆರವಾಗಬಹುದು. ಕೆಲಸವನ್ನು ಅವು ಕೊಡಲಾರವು. ಹಣ ಕೊಟ್ಟರೆ ಕೆಲಸ ಕೊಡಿಸುವೆನೆಂಬವನು ಯಾವ ಕಂಪನಿಯ ಹೆಸರನ್ನು ಹೇಳಿದರೂ ಅವನನ್ನು ನಂಬಬಾರದು. ಬೆವರಿನ ಉಳಿತಾಯವನ್ನು ಅಂತಹವರ ಕೈಗಿಟ್ಟು ಅತ್ತವರು ನಮ್ಮ ನಡುವೆಯೇ ಇದ್ದಾರೆ.

ಕೀಲ್ಪಾಕಿನಲ್ಲಿ ಮೆಟ್ರೋ ರೈಲನ್ನು ಹತ್ತಿ ಆಲಂದೂರಿನಲ್ಲಿ ಬದಲಾಯಿಸಿದರೆ ವಿಮಾನ ನಿಲ್ದಾಣದ ಬಾಗಿಲಿನಲ್ಲಿಯೇ ಇಳಿಯಬಹುದು. ದೂರವಿರುವುದು ದಾರಿಯಲ್ಲಲ್ಲ, ಮನಸ್ಸಿನಲ್ಲಿ. ಮಗಳು ತಟ್ಟೆ ಹೊರುವಳೆಂದು ನೋಯುವ ತಂದೆ ತನ್ನ ಕೈಗಳನ್ನೇ ಒಮ್ಮೆ ನೋಡಿಕೊಳ್ಳಲಿ. ಹಸಿದು ಬಂದವನ ಮುಂದೆ ಪ್ರೀತಿಯಿಂದ ಎಲೆ ಹಾಕಿದ ಕೈಗಳು ಅವು. ಅವುಗಳಿಂದಲೇ ಅವಳ ಶಾಲೆಯ ಶುಲ್ಕ ಸಂದಿದೆ. ಆ ಕೈಗಳಲ್ಲಿ ನಾಚಿಕೆಪಡುವಂತಹುದು ಏನೂ ಇಲ್ಲ. ಹೊಟೇಲಿನ ಪರಿಚಾರಕನೊಬ್ಬನೂ ಆಸ್ಪತ್ರೆಯ ದಾದಿಯೊಬ್ಬಳೂ ಸೇರಿ ಆಕಾಶದಲ್ಲಿ ಹುಟ್ಟಿಸಿದ ಉದ್ಯೋಗವಿದು. ಅವಳು ಅದಕ್ಕೆ ಹೋಗುವುದಾದರೆ ಹಗುರವಾಗಿ ಹೋಗದಿರಲಿ. ಎಲೆನ್ ಚರ್ಚಳ ಕಥೆಯನ್ನು ತಿಳಿದು ಹೋಗಲಿ. ನಾವಾದರೋ ಅವಳನ್ನು ತಡೆಯದಿರೋಣ.